ದರಿಯಾ ದೌಲತ್‌ನ ಗೋಡೆ, ನಮ್ಮ ಕಾಲೇಜಿನ ಬೀರು

ಹೋದ ತಿಂಗಳು ನಮ್ಮ ಬಿಎ ಕೊನೆ ವರ್ಷದ ಹುಡುಗಿಯೊಬ್ಬಳು ಪ್ರಾಜೆಕ್ಟ್ ವಿಷಯ ಹಿಡಿದು ಬಂದಳು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆ ಚಿತ್ರಗಳು. ಫೋನಿನಲ್ಲಿ ನಲವತ್ತು ಫೋಟೋ ಕೂಡಿಸಿಟ್ಟಿದ್ದಳು. "1784ರಲ್ಲಿ ಟಿಪ್ಪು ಕಟ್ಟಿಸಿದ್ದು ಮ್ಯಾಮ್, ಆಗಿನ ಬಣ್ಣ ಇನ್ನೂ ಹೇಗಿದೆ ನೋಡಿ" ಅಂದಳು. ಅವಳ ಸಂಭ್ರಮ ನೋಡಿ ನನಗೂ ಖುಷಿಯಾಯಿತು. "ಬಣ್ಣ ಆಗಿನದೇ ಅಂತ ಎಲ್ಲಿ ಓದಿದೆಯಮ್ಮ?" ಅಂತ ಕೇಳಿದೆ. ಫೋಟೋ ಕೆಳಗೆ ಹಾಗೇ ಬರೆದಿದೆ ಅಂದಳು.

ಸೀದಾ ಲೈಬ್ರರಿಗೆ ಕರೆದುಕೊಂಡು ಹೋದೆ. ನಮ್ಮ ಲೈಬ್ರೇರಿಯನ್ ಸರ್ ಹಿಂದಿನ ಬೀರು ತೆಗೆದು ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್, ಅಂದರೆ ಮೈಸೂರು ಸೀಮೆಯ ಊರುಗಳ ವಿವರ ಇರುವ ಪುಸ್ತಕ, ಕೊಟ್ಟರು. 1897ರದು, ಎರಡು ಸಂಪುಟ. ಇವಳು ಕೊನೆಯ ಸೂಚಿಯಲ್ಲಿ ಶ್ರೀರಂಗಪಟ್ಟಣ ಅಂತ ಹುಡುಕಿದಳು, ಸಿಗಲಿಲ್ಲ. ಸೆರಿಂಗಪಟಂ ಅಂತ ನೋಡು ಅಂದೆ. ಸಿಕ್ಕಿತು. ಹಳೆ ಪುಸ್ತಕಕ್ಕೆ ಹಳೆ ಹೆಸರು ಬೇಕು. ಇದನ್ನು ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕಷ್ಟೇ.

ಅಲ್ಲಿದ್ದ ಕಥೆ ಇದು. 1799ರಲ್ಲಿ ಬ್ರಿಟಿಷರು ಹಾಕಿದ ಮುತ್ತಿಗೆಗೆ ಮೊದಲೇ ಆ ಚಿತ್ರಗಳು ಹಾಳಾಗಿದ್ದವು. ಆಮೇಲೆ ಅಲ್ಲಿ ವಾಸವಿದ್ದ ಬ್ರಿಟಿಷ್ ಸೇನಾಧಿಕಾರಿ ವೆಲ್ಲೆಸ್ಲಿ ಸರಿ ಮಾಡಿಸಿದ. ಮುಂದೆ ಅದರ ಮೇಲೆ ಸುಣ್ಣ ಬಿತ್ತು. ಗವರ್ನರ್ ಜನರಲ್ ಡಾಲ್‌ಹೌಸಿ ಬಂದಾಗ ಚಿತ್ರ ಹೆಚ್ಚುಕಮ್ಮಿ ಅಳಿಸಿಹೋಗಿತ್ತು. ಹಿಂದಿನ ಚಿತ್ರ ನೆನಪಿದ್ದ ಇಲ್ಲಿಯ ಕಲಾವಿದರೊಬ್ಬರಿಂದ ಮತ್ತೆ ಬರೆಸಿದರು. ಅಂದರೆ ನಾವು ಇವತ್ತು ನೋಡುವ ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧ, ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಗಾಡಿ, ಇವೆಲ್ಲ ಒಬ್ಬರ ನೆನಪನ್ನು ದಾಟಿ ಬಂದಿವೆ. ಅವಳು ಆ ಭಾಗವನ್ನು ಮೂರು ಸಲ ಓದಿದಳು. ಆಮೇಲೆ ತನ್ನ ಪ್ರಾಜೆಕ್ಟ್‌ನ ಹೆಸರನ್ನೇ ಬದಲಾಯಿಸಿದಳು.

ನಾನು ಫೋನ್ ಬೇಡ ಅನ್ನುವವಳಲ್ಲ. ಫೋಟೋ ಚಿತ್ರವನ್ನು ತೋರಿಸುತ್ತದೆ, ಅದರ ಮೇಲೆ ಏನೇನು ಆಯಿತು ಅನ್ನುವುದನ್ನು ತೋರಿಸುವುದಿಲ್ಲ. ಅದಕ್ಕೆ ಪುಸ್ತಕ ಬೇಕು, ಅದರ ಅಡಿಟಿಪ್ಪಣಿ ಬೇಕು, ಆ ಟಿಪ್ಪಣಿ ಹೇಳುವ ಇನ್ನೊಂದು ಪುಸ್ತಕ ಬೇಕು.

ಇನ್ನೊಂದು ವಿಷಯ. ಲೈಬ್ರರಿಯಲ್ಲಿ ಪುಸ್ತಕಗಳನ್ನು ವಿಷಯಕ್ಕೊಂದು ಡ್ಯೂಯಿ ನಂಬರ್ ಕೊಟ್ಟು ಜೋಡಿಸಿರುತ್ತಾರೆ. ಕಲೆ ಅಂದರೆ 700ರ ಸಾಲು ಅಂತ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಕಲೆಯ ಇತಿಹಾಸ 709ರಲ್ಲಿದೆ, ನಿಜ. ಆದರೆ ದೇವಸ್ಥಾನದ ಕಟ್ಟಡ 726ರಲ್ಲಿ. ಮೂರ್ತಿಯ ಕೈಯಲ್ಲಿ ಏನಿದೆ, ಯಾಕಿದೆ ಅನ್ನುವುದು ಬಹಳ ಸಲ ಧರ್ಮದ 294ರಲ್ಲಿ. ಕಟ್ಟಿಸಿದವರ ಕಥೆ ಭಾರತದ ಇತಿಹಾಸದ 954ರಲ್ಲಿ. ಸೋಮನಾಥಪುರದ ಮೂರ್ತಿಗಳ ಕೆಳಗೆ ಮಲ್ಲಿತಮ್ಮ ಅನ್ನುವ ಶಿಲ್ಪಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಕಲ್ಲಿನ ಮೇಲಿನ ಆ ರುಜುಗಳನ್ನು ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ವ ಇಲಾಖೆಯ ವರದಿಗಳಲ್ಲಿ ಬರೆದಿಟ್ಟರು. ಕಲೆಯ ಸಾಲಿನಲ್ಲಿ ಮಾತ್ರ ಹುಡುಕಿದರೆ ಆ ಶಿಲ್ಪಿಯ ಹೆಸರು ಗೊತ್ತೇ ಆಗದೆ ಹೋಗಬಹುದು, ಅಲ್ವಾ?

ಇಂಥ ವರದಿಗಳ ವಿಚಾರದಲ್ಲಿ ಒಂದು ನೋವು ನನಗೆ ಇನ್ನೂ ಇದೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ತಪಾಸಣಾ ತಂಡ ಬರುವ ಮೊದಲು ಲೈಬ್ರರಿ ಸ್ವಚ್ಛ ಮಾಡಿಸಿದರು. ಬಾರ್‌ಕೋಡ್ ಇಲ್ಲದ ಹಳೆ ಬೈಂಡುಗಳು ರದ್ದಿಗೆ ಹೋದವು. ನನಗೆ ಗೊತ್ತಾಗುವಷ್ಟರಲ್ಲಿ ಗಾಡಿ ಹೊರಟಿತ್ತು. ಅವತ್ತಿನಿಂದ ನಾನು ಯಾವ ಲೈಬ್ರರಿಗೆ ಹೋದರೂ ಮೊದಲು ಬೀಗ ಹಾಕಿದ ಬೀರು ನೋಡುತ್ತೇನೆ.

ಬೆಂಗಳೂರಿನಲ್ಲಿ ಇರುವವರು ನಿಜಕ್ಕೂ ಪುಣ್ಯವಂತರು. ಕಬ್ಬನ್ ಪಾರ್ಕಿನಲ್ಲಿ ಕೇಂದ್ರ ಗ್ರಂಥಾಲಯ ಇದೆ. ನೃಪತುಂಗ ರಸ್ತೆಯಲ್ಲಿ 1909ರಲ್ಲಿ ಶುರುವಾದ, ಇತಿಹಾಸ ಸಂಶೋಧನೆಯ ಮಿಥಿಕ್ ಸೊಸೈಟಿ ಇದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಮೈಸೂರು ಶೈಲಿಯ ಚಿತ್ರಗಳನ್ನು ಕಣ್ಣಾರೆ ನೋಡಬಹುದು. ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ಪಿಎಚ್‌ಡಿ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ಎನ್‌-ಲಿಸ್ಟ್‌ಗೆ (ಕಾಲೇಜುಗಳಿಗೆ ಆನ್‌ಲೈನ್ ಪುಸ್ತಕ, ಜರ್ನಲ್ ಒದಗಿಸುವ ಯೋಜನೆ) ಸೇರಿದ ಕಾಲೇಜಾದರೆ ಮನೆಯಲ್ಲೇ ಕೂತು ಜರ್ನಲ್ ಓದಬಹುದು. ತಮ್ಮ ಕಾಲೇಜು ಸೇರಿದೆಯಾ, ಪಾಸ್‌ವರ್ಡ್ ಯಾರನ್ನು ಕೇಳಬೇಕು ಅಂತ ಮಾತ್ರ ನಾನು ಕಂಡ ಎಷ್ಟೋ ಮಕ್ಕಳಿಗೆ ಗೊತ್ತಿರಲಿಲ್ಲ. ಇದು ಅವರ ತಪ್ಪಲ್ಲ, ಹೇಳದೆ ಇರುವ ನಮ್ಮ ತಪ್ಪು. ಮೇಷ್ಟ್ರುಗಳೇ, ವರ್ಷದ ಮೊದಲ ವಾರದಲ್ಲಿ ಒಂದೇ ಒಂದು ಪೀರಿಯಡ್ ಲೈಬ್ರರಿಯಲ್ಲಿ ಮಾಡಿ. ಬೀರು ತೆಗೆಸಿ. ಲೈಬ್ರೇರಿಯನ್ ಅವರ ಪರಿಚಯ ಮಾಡಿಸಿ.

ಆ ಹುಡುಗಿ ಮೊನ್ನೆ ಇನ್ನೊಂದು ಪ್ರಶ್ನೆ ತಂದಳು. "ಮ್ಯಾಮ್, ಮೊದಲ ಚಿತ್ರದಲ್ಲೂ ಕುದುರೆಗಳು ಹೀಗೇ ಇದ್ದವಾ?" ಇದೇ ಯುದ್ಧದ ಚಿತ್ರ ಕಾಗದದ ಮೇಲೂ ಇದೆ, ಅಂಥ ಒಂದು 2022ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು ಅಂತ ಹೇಳಿದೆ. ಈಗ ಅದರ ಫೋಟೋ ಪ್ರಿಂಟ್ ಹಾಕಿಸಿಕೊಂಡಿದ್ದಾಳೆ. ಲೈಬ್ರರಿಯ ಉದ್ದ ಮೇಜಿನ ಮೇಲೆ ಗೋಡೆಯದು ಒಂದು ಕಡೆ, ಕಾಗದದ್ದು ಇನ್ನೊಂದು ಕಡೆ ಇಟ್ಟುಕೊಂಡು ಒಂದೊಂದೇ ಕುದುರೆಯನ್ನು ಹೋಲಿಸಿ ನೋಡುತ್ತಿದ್ದಾಳೆ.