ಯಾವ ನೀರು ಕುಡಿಯುತ್ತೀರಿ ಅಂತ ಕೇಳಿ

ಸಿಟ್ಟು ಇನ್ನೂ ಇಳಿದಿಲ್ಲ, ಬರೆದುಬಿಡುತ್ತೇನೆ. ಲ್ಯಾಬಿನಲ್ಲೇ ಕೂದಲು ನರೆತವಳು ನಾನು ಅಂತ ನಿಮಗೆಲ್ಲ ಗೊತ್ತಲ್ಲ. ಇವತ್ತು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕುಡಿಯುವ ನೀರಿನ ಬಗ್ಗೆ ಮಾತಾಡಲು ಕರೆದಿದ್ದರು. ನರ್ಸಿಂಗ್, ಫಾರ್ಮಸಿ ಓದುವ ಮಕ್ಕಳು. ಆರ್ಸೆನಿಕ್ ಅಂದ ಕೂಡಲೇ ಪಟಪಟ ಉತ್ತರ ಬಂತು. ಕೊಲೆಗೆ ಬಳಸುವ ವಿಷ, ಉಗುರಿನ ಮೇಲೆ ಬಿಳಿ ಗೆರೆ, ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ. ಸರಿ, ಬೋರ್‌ವೆಲ್ ನೀರಿನಲ್ಲೇ ಇದ್ದರೆ ಜನಕ್ಕೆ ಏನು ಹೇಳ್ತೀರಿ ಅಂದೆ.

"ಕುದಿಸಿ ಕುಡೀರಿ ಅಂತೀವಿ ಮೇಡಂ."

ಕುದಿಸಿದರೆ ರೋಗಾಣು ಸಾಯುತ್ತವೆ. ಆರ್ಸೆನಿಕ್ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ. ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆಯೂ ಇಲ್ಲ. ಲೀಟರಿಗೆ 10 ಮೈಕ್ರೊಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡವೇ ಹೇಳುತ್ತದೆ. ದಾಟಿದೆಯೋ ಇಲ್ಲವೋ ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ.

ಮಕ್ಕಳ ಮೇಲೆ ನನಗೇನೂ ಕೋಪ ಇಲ್ಲ. ಅವರಿಗೆ ಪಾಠ ಹೇಳುವ ಒಬ್ಬರು ಆಮೇಲೆ ಟೀ ಕುಡಿಯುತ್ತಾ ಹೇಳಿದರು: "ಅದು ಬಂಗಾಳದ ಕಡೆ ತೊಂದರೆ ಮೇಡಂ, ನಮ್ಮ ಮಲೆನಾಡಿಗೆ ಯಾಕೆ?" ಬಂಗಾಳದಲ್ಲಿ 1983ರಲ್ಲೇ ರೋಗಿಗಳನ್ನು ಗುರುತಿಸಿದ್ದು ನಿಜ. ಆದರೆ ಯಾದಗಿರಿ ಯಾವ ರಾಜ್ಯದಲ್ಲಿದೆ ಸ್ವಾಮಿ? ಅಲ್ಲಿನ ಹಳೇ ಚಿನ್ನದ ಗಣಿ ಪ್ರದೇಶದ ಕಿರದಳ್ಳಿ ತಾಂಡಾದ ಬಗ್ಗೆ 2013ರಲ್ಲಿ ಅಧ್ಯಯನ ಪ್ರಕಟವಾಯಿತು. ತಪಾಸಣೆ ಮಾಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಚರ್ಮದಲ್ಲಿ ಆರ್ಸೆನಿಕ್ ಲಕ್ಷಣ ಇತ್ತು. ನಮ್ಮ ಮಕ್ಕಳು ನಾಳೆ ಕೆಲಸಕ್ಕೆ ರಾಯಚೂರು, ಯಾದಗಿರಿಗೂ ಹೋಗುತ್ತಾರೆ. ಆ ಕಡೆಯ ಮಕ್ಕಳು ಇಲ್ಲಿ ಅದೇ ಬೆಂಚಿನಲ್ಲಿ ಕೂತು ಓದುತ್ತಾರೆ. ಮಲೆನಾಡಿಗೆ ಯಾಕೆ ಅನ್ನುವ ಮಾತನ್ನು ನಾನು ಒಪ್ಪುವುದೇ ಇಲ್ಲ.

ಆ ಲಕ್ಷಣ ಹೇಗಿರುತ್ತದೆ ಅಂದರೆ, ಎದೆ, ಬೆನ್ನಿನ ಮೇಲೆ ಮಳೆಹನಿ ಸಿಡಿದ ಹಾಗೆ ಚುಕ್ಕೆಗಳು. ಅಂಗೈ ಸವರಿದರೆ ಸಣ್ಣ ಸಣ್ಣ ಗಟ್ಟಿ ಗುಳ್ಳೆ ಬೆರಳಿಗೆ ತಾಕುತ್ತವೆ. ಅಂಗಾಲಿನಲ್ಲೂ ಹಾಗೇ. ಕೂಲಿ ಮಾಡುವವರ ಕೈ ಅಲ್ವಾ, ಆಣಿ ಇರಬೇಕು ಅಂತ ಮುಲಾಮು ಕೊಟ್ಟು ಕಳಿಸುವುದು ಬಹಳ ಸುಲಭ. ಆ ಮನುಷ್ಯ ಮನೆಗೆ ಹೋಗಿ ಮತ್ತೆ ಅದೇ ನೀರು ಕುಡಿಯುತ್ತಾನೆ. ವರ್ಷಗಟ್ಟಲೆ ಹೀಗೇ ನಡೆದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ತನಕ ಹೋಗಬಹುದು. ಬೇಗ ಗೊತ್ತಾಗಿ ನೀರು ಬದಲಾಯಿಸಿದರೆ ಎಷ್ಟೋ ಜನರನ್ನು ಉಳಿಸಬಹುದು. ಇದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ ನನಗೆ.

ಇಲ್ಲಿ ಪಾಠ ಮಾಡುವ ಗೆಳೆಯರು ಬಹಳ ಜನ ಇದ್ದೀರಿ. ಬೀಡಿ ಸೇದುತ್ತೀರಾ, ಶುಗರ್ ಇದೆಯಾ ಅಂತ ಕೇಳಲು ಕಲಿಸುತ್ತೀರಲ್ಲ, ಅದರ ಜೊತೆಗೆ ಯಾವ ನೀರು ಕುಡಿಯುತ್ತೀರಿ, ಎಷ್ಟು ವರ್ಷದಿಂದ ಅಂತಲೂ ಕೇಳಿಸಿ. ಅಂಗೈ ತಿರುಗಿಸಿ ನೋಡಲು ಹೇಳಿಕೊಡಿ. ತರಗತಿಗೆ ಬರಬೇಕು ಅಂದರೆ ಮೆಸೇಜ್ ಮಾಡಿ, ಸಾಗರ, ತೀರ್ಥಹಳ್ಳಿ ಎಲ್ಲಾದರೂ ಸರಿ, ಬರುತ್ತೇನೆ.