ಸತ್ಯಾಂಶ: ಹೆಣ್ಣು ಹೆಣ್ಣನ್ನು ಪ್ರೀತಿಸುವುದು ಇಂಟರ್ನೆಟ್ ತಂದ ಫ್ಯಾಷನ್ನೇ?

‘ಇದೆಲ್ಲ ಇಂಟರ್ನೆಟ್ ಬಂದ ಮೇಲಿನ ಫ್ಯಾಷನ್, ಅಮೆರಿಕದಲ್ಲೂ ಮೊದಲು ಇರಲಿಲ್ಲ’ ಎಂಬ ಮೆಸೇಜು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಅದು ಸುಳ್ಳು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೆಲ್ ಮಾರ್ಟಿನ್ ಮತ್ತು ಫಿಲಿಸ್ ಲಯನ್ ಎಂಬ ಇಬ್ಬರು ಹೆಂಗಸರು 1953ರಲ್ಲೇ ಒಟ್ಟಿಗೆ ಸಂಸಾರ ಹೂಡಿದ್ದರು. ಆಗ ಇಂಥವರು ಸೇರುವ ಬಾರ್‌ಗಳ ಮೇಲೆ ಪೊಲೀಸರ ದಾಳಿ ಜಾಸ್ತಿ. ಸುಮ್ನೆ ಕೂತು ಹರಟಲು, ಹೆದರಿಕೆಯಿಲ್ಲದೆ ಡ್ಯಾನ್ಸ್ ಮಾಡಲು ಒಂದು ಜಾಗ ಬೇಕಿತ್ತು. 1955ರಲ್ಲಿ ಇವರಿಬ್ಬರೂ ಸೇರಿದಂತೆ ನಾಲ್ಕು ಜೋಡಿಗಳು, ಅಂದರೆ ಎಂಟೇ ಹೆಂಗಸರು, ಸೇರಿ ‘ಡಾಟರ್ಸ್ ಆಫ್ ಬಿಲಿಟಿಸ್’ ಎಂಬ ಸಂಘ ಕಟ್ಟಿದರು.

ಮರುವರ್ಷ ಅಕ್ಟೋಬರಿನಲ್ಲಿ ಸಂಘದ ‘ದಿ ಲ್ಯಾಡರ್’ ಪತ್ರಿಕೆ ಶುರುವಾಯಿತು. ಟೈಪ್ ಮಾಡಿ, ನಮ್ಮ ಸೈಕ್ಲೋಸ್ಟೈಲಿನಂಥ ಯಂತ್ರದಲ್ಲಿ ಪ್ರತಿ ತೆಗೆಯುತ್ತಿದ್ದರು. ಗುಟ್ಟು ಬಯಲಾದರೆ ಕೆಲಸ ಹೋಗುವ ಕಾಲ ಅದು. ಹಾಗಾಗಿ ಸಂಪಾದಕಿ ಲಯನ್ ಹಾಕಿಕೊಂಡ ಹೆಸರು ‘ಆನ್ ಫರ್ಗುಸನ್’. ಆದರೆ ಓದುಗರಿಗೆ ಧೈರ್ಯ ಹೇಳುತ್ತಾ ತಾವೇ ಅಡಗಿ ಕೂರುವುದು ಅವರಿಗೆ ಸರಿ ಕಾಣಲಿಲ್ಲ. ಕೆಲವೇ ತಿಂಗಳಲ್ಲಿ ‘ಆನ್ ಫರ್ಗುಸನ್ ಸತ್ತಳು’ ಎಂದು ಪತ್ರಿಕೆಯಲ್ಲೇ ಬರೆದು ಸ್ವಂತ ಹೆಸರಿಗೆ ಬಂದರು. ನನಗೆ ತುಂಬಾ ಇಷ್ಟವಾದದ್ದು ಇದೇ.

1960ರಲ್ಲಿ ಅದೇ ಊರಿನಲ್ಲಿ ಸಂಘದ ರಾಷ್ಟ್ರಮಟ್ಟದ ಸಮ್ಮೇಳನವೂ ಆಯಿತು. ಆಗ ಇಂಟರ್ನೆಟ್ ಎಲ್ಲಿತ್ತು, ಅಲ್ವಾ?

2008ರ ಜೂನ್‌ನಲ್ಲಿ ಇಬ್ಬರೂ ಕಾನೂನು ಪ್ರಕಾರ ಮದುವೆಯಾದರು. ಡೆಲ್‌ಗೆ 87, ಫಿಲಿಸ್‌ಗೆ 83. ಆಗಸ್ಟಿನಲ್ಲಿ ಡೆಲ್ ತೀರಿಕೊಂಡರು.