ಮುಚ್ಚಲಿರುವ ಸ್ಟೇಷನ್ನಿನ ಮುಗಿಯದ ಕೆಲಸ

ಮಾಡೆಲ್ ರೈಲಿನ ಹುಚ್ಚು ಹತ್ತಿದವರು ದೊಡ್ಡ ಜಂಕ್ಷನ್ ಕಟ್ಟುವ ಕನಸು ಕಾಣುತ್ತಾರೆ. ಕಟ್ಟಲು ಕೂತಾಗ ಮಾತ್ರ ದೊಡ್ಡ ಮಾರ್ಗದಿಂದ ಕವಲೊಡೆದು ಹಳ್ಳಿಗೆ ಹೋಗುವ ಬ್ರಾಂಚ್ ಲೈನಿನ ಕೊನೆಯ ಸ್ಟೇಷನ್ನೇ ಸಾಕು ಅನ್ನುತ್ತಾರೆ. ಒಂದು ಪ್ಲಾಟ್‌ಫಾರ್ಮ್, ಒಂದು ಎಂಜಿನ್, ಎರಡು ಬೋಗಿ, ಗೂಡ್ಸ್ ನಿಲ್ಲಿಸಲು ಸೈಡಿಂಗ್ ಅನ್ನುವ ಒಂದು ಪಕ್ಕದ ಹಳಿ. ಅಲ್ಲಿಗೆ ಆಯಿತು. ಅದರಲ್ಲೂ ಇವತ್ತೋ ನಾಳೆಯೋ ಮುಚ್ಚಿಬಿಡುತ್ತಾರೆ ಅನ್ನುವ ಕಾಲದ ಸ್ಟೇಷನ್ ಆದರಂತೂ ಇನ್ನೂ ಅನುಕೂಲ. ಬಣ್ಣ ಹೋಗಿದ್ದರೂ ನಡೆಯುತ್ತದೆ. ಬೇಲಿ ವಾಲಿದ್ದರೂ ನಡೆಯುತ್ತದೆ. ಯಾರಾದರೂ ತಪ್ಪು ಹುಡುಕಿದರೆ "ಅದು ಹಾಗೇ ಇತ್ತು, ಆಗ ಯಾರೂ ರಿಪೇರಿ ಮಾಡ್ತಿರಲಿಲ್ಲ" ಅಂದರೆ ಮುಗಿಯಿತು. ಸೋಮಾರಿಗೆ ಹೇಳಿ ಮಾಡಿಸಿದ ಸ್ಟೇಷನ್ ಅಲ್ವಾ?

ಅಲ್ಲ. ಹೊಸ ಸ್ಟೇಷನ್ ಕಟ್ಟುವುದು ಒಂದು ಕೆಲಸವಾದರೆ, ಅದನ್ನು ಹಾಳು ಬೀಳಿಸುವುದು ಅದರ ಹತ್ತರಷ್ಟು ಕೆಲಸ. ನಿಜವಾದ ಸ್ಟೇಷನ್ನನ್ನು ಹಾಳು ಮಾಡಲು ಮಳೆ, ಗಾಳಿ, ಬಿಸಿಲು, ಸರ್ಕಾರ ಎಲ್ಲರೂ ಸೇರಿ ದುಡಿದಿರುತ್ತಾರೆ. ಇಲ್ಲಿ ನಾನೊಬ್ಬನೇ.

ನಾನು ಆರಿಸಿಕೊಂಡಿದ್ದು 1964ರ ಬ್ರಿಟನ್ನು. ಸ್ಟೇಷನ್ ಕಾಲ್ಪನಿಕ, ಕಾಲ ಮಾತ್ರ ನಿಜ. 1963ರ ಮಾರ್ಚ್‌ನಲ್ಲಿ ಅಲ್ಲಿನ ರೈಲ್ವೆ ಮುಖ್ಯಸ್ಥ ರಿಚರ್ಡ್ ಬೀಚಿಂಗ್ ಒಂದು ವರದಿ ಕೊಟ್ಟರು. ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ, ರಾಸಾಯನಿಕ ಕಂಪನಿಯಿಂದ ಬಂದ ಮನುಷ್ಯ. ಲೆಕ್ಕ ಹಾಕಿ, 2,363 ಸ್ಟೇಷನ್ ಮುಚ್ಚಿ, ಸುಮಾರು 5,000 ಮೈಲಿ ಮಾರ್ಗ ತೆಗೆಯಿರಿ ಅಂದುಬಿಟ್ಟರು. ಅವರು ಬರುವ ಮೊದಲೇ ಎಷ್ಟೋ ಬ್ರಾಂಚ್ ಲೈನುಗಳು ಮುಚ್ಚಿದ್ದವು. ವರದಿಯಲ್ಲಿ ಹೆಸರಿದ್ದರೂ ಬದುಕಿಕೊಂಡ ಮಾರ್ಗಗಳೂ ಇವೆ. ಆದರೂ ಬೈಗುಳವೆಲ್ಲ ಅವರೊಬ್ಬರ ಪಾಲಿಗೇ ಬಂತು.

ನಮ್ಮ ಮನೆಯಲ್ಲಿ ಬೀಚಿಂಗ್ ಪಾತ್ರ ನನ್ನ ಹೆಂಡತಿಯದು. ಸ್ಟೇಷನ್ ಕೂತಿರುವ ಮೇಜು ಅವಳಿಗೆ ಬೇಕು. "ಇದು ಮುಚ್ಚೋ ಸ್ಟೇಷನ್ ಅಂತೀರಲ್ಲ, ಯಾವಾಗ ಮುಚ್ಚುತ್ತೆ?" ಅಂತ ಆಗಾಗ ವಿಚಾರಿಸುತ್ತಾಳೆ. ಕೆಲಸ ಮುಗಿದ ಮೇಲೆ ತಾನೇ ಮುಚ್ಚುವುದು ಅಂತ ನಾನು ಹೇಳುತ್ತೇನೆ. ಕಟ್ಟಿ ಮುಗಿಸದ ಸ್ಟೇಷನ್ನನ್ನು ಬೀಚಿಂಗ್ ಕೂಡ ಮುಚ್ಚಲಾರರು.

ನನ್ನದು ಡಬಲ್ ಓ ಸ್ಕೇಲ್. ಒಂದು ಅಡಿಗೆ 4 ಮಿಲಿಮೀಟರ್. ಅಂದರೆ ನಿಜದ 76ರಲ್ಲಿ ಒಂದು ಭಾಗ. ಆರಡಿ ಎತ್ತರದ ಸ್ಟೇಷನ್ ಮಾಸ್ಟರ್ ಇಲ್ಲಿ 24 ಮಿಲಿಮೀಟರ್. ಒಂದು ಕಿಲೋಮೀಟರ್ ಹಳಿ ಹಾಕಬೇಕೆಂದರೆ 13 ಮೀಟರ್ ಉದ್ದದ ಕೋಣೆ ಬೇಕು. ಅಷ್ಟು ಎಲ್ಲಿಂದ ತರೋಣ? ಹಾಗಾಗಿ ನನ್ನ ಬ್ರಾಂಚ್ ಲೈನ್ ಬೀರುವಿನ ಹತ್ತಿರ ಬರುವಷ್ಟರಲ್ಲಿ ಮುಗಿಯುತ್ತದೆ. ಅಲ್ಲೊಂದು ಸೇತುವೆ, ಅದರ ಹಿಂದೆ ರಟ್ಟಿನ ಮರೆ. ಮರೆಯ ಆಚೆಗಿನ ಹಳಿಗಳಿಗೆ ಫಿಡಲ್ ಯಾರ್ಡ್ ಅನ್ನುತ್ತಾರೆ. ಉಳಿದ ಪ್ರಪಂಚವೆಲ್ಲ ಇರುವುದು ಅಲ್ಲೇ. ಸ್ಟೇಷನ್ನಿಂದ ಹೊರಟ ರೈಲು ಸೇತುವೆ ದಾಟಿ ಪ್ರಪಂಚಕ್ಕೆ ಹೋಗಿ, ಬೀರುವಿನ ಪಕ್ಕ ಸ್ವಲ್ಪ ಹೊತ್ತು ನಿಂತು, ವಾಪಸ್ ಬರುತ್ತದೆ.

ಈ ಸ್ಕೇಲಿನಲ್ಲಿ ಒಂದು ತಮಾಷೆ ಇದೆ. ನಿಜವಾದ ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್. ಅದನ್ನು ಇಳಿಸಿದರೆ 18.83 ಬರಬೇಕು. ಆದರೆ ಡಬಲ್ ಓ ಹಳಿಯ ಅಂತರ 16.5. ಬ್ರಿಟಿಷ್ ಎಂಜಿನುಗಳು ಸಣ್ಣವು, ಆ ಕಾಲದ ಮಾಡೆಲ್ ಮೋಟರುಗಳು ದಪ್ಪ. ಮೋಟರು ಒಳಗೆ ಹಿಡಿಸಲಿ ಅಂತ ಎಂಜಿನ್ನಿನ ಮೈ ದೊಡ್ಡದು ಮಾಡಿದರು, ಹಳಿಯನ್ನು ಇದ್ದ ಹಾಗೆಯೇ ಬಿಟ್ಟರು. ಈಗ ರೈಲು ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಕಾಣುತ್ತದೆ. ಈ ಎರಡು ಚಿಲ್ಲರೆ ಮಿಲಿಮೀಟರ್ ಸಹಿಸಲಾಗದೆ ಎಲ್ಲ ಹಳಿಯನ್ನೂ ಕಿತ್ತು 18.83ಕ್ಕೆ ಹೊಸದಾಗಿ ಹಾಕಿಕೊಳ್ಳುವವರೂ ಇದ್ದಾರೆ. ಅವರ ಮುಂದೆ ನಾನು ಅಳತೆಯ ಮಾತೇ ತೆಗೆಯುವುದಿಲ್ಲ.

ಹಳಿ ಹಾಕಿದ ಮೇಲೆ ಜಲ್ಲಿ. ಮರಳಿನಂಥ ಸಣ್ಣ ಜಲ್ಲಿಯನ್ನು ಸ್ಲೀಪರುಗಳ ನಡುವೆ ಉದುರಿಸಿ, ಬ್ರಷ್ಷಿನಿಂದ ಸರಿಪಡಿಸಿ, ಉಸಿರು ಬಿಗಿಹಿಡಿದು ನೀರು ಸಿಂಪಡಿಸಬೇಕು. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಬೆರೆಸದಿದ್ದರೆ ಅದು ಜಲ್ಲಿಯೊಳಗೆ ಇಳಿಯದೆ ಉಂಡೆಯಾಗಿ ಉರುಳುತ್ತದೆ, ಜಲ್ಲಿಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಆಮೇಲೆ ನೀರು ಬೆರೆಸಿದ ಬಿಳಿ ಗಮ್ಮನ್ನು ಡ್ರಾಪರಿನಲ್ಲಿ ತೊಟ್ಟು ತೊಟ್ಟಾಗಿ ಬಿಡಬೇಕು. ಈ ಗಮ್ಮಿಗೆ ಒಂದು ಗುಣ. ಎಲ್ಲಿ ಅಂಟಬೇಕೋ ಅಲ್ಲಿ ಅರೆಮನಸ್ಸು, ಎಲ್ಲಿ ಅಂಟಬಾರದೋ ಅಲ್ಲಿ ಪೂರ್ತಿ ನಿಷ್ಠೆ. ರಾತ್ರಿ ಮೆಲ್ಲಗೆ ಹರಿದು, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸ್ ಒಳಗೆ ಸೇರಿಕೊಂಡಿತು. ಬೆಳಿಗ್ಗೆ ನೋಡಿದರೆ ಪಾಯಿಂಟ್ಸ್ ಸೈಡಿಂಗ್ ಕಡೆ ತಿರುಗಿ ಕಲ್ಲಾಗಿ ನಿಂತಿದೆ. ಪ್ಲಾಟ್‌ಫಾರ್ಮ್‌ಗೆ ದಾರಿ ಬಂದ್. ಸರ್ಕಾರ ಇನ್ನೂ ಯೋಚನೆ ಮಾಡುತ್ತಿದ್ದಾಗಲೇ ಗಮ್ಮು ನನ್ನ ಸ್ಟೇಷನ್ ಮುಚ್ಚಿತ್ತು.

ಆ ಸೈಡಿಂಗಿನದು ಇನ್ನೊಂದು ಕತೆ. ಕೆಲವು ಬ್ರಾಂಚ್‌ಗಳಲ್ಲಿ ಪ್ರಯಾಣಿಕರ ರೈಲು ಮೊದಲು ನಿಂತಿತು, ಕೆಲವು ಕಡೆ ಗೂಡ್ಸ್. ನನ್ನಲ್ಲಿ ಗೂಡ್ಸ್ ನಿಂತಿದೆ ಅಂತ ತೀರ್ಮಾನ ಮಾಡಿದೆ, ಯಾಕೆಂದರೆ ಸೈಡಿಂಗಿಗೆ ತುಕ್ಕು ಹಿಡಿಸುವ ಆಸೆ ಇತ್ತು. ರೈಲು ಓಡಾಡುವ ಹಳಿಯ ತಲೆ ಹೊಳೆಯುತ್ತಿರುತ್ತದೆ, ಪಕ್ಕ ಮಾತ್ರ ತುಕ್ಕು. ಓಡಾಟ ನಿಂತ ಹಳಿಗೆ ತಲೆಯ ಮೇಲೂ ತುಕ್ಕು. ಮಾಡೆಲ್ ಹಳಿ ನಿಕಲ್ ಸಿಲ್ವರ್ ಅನ್ನುವ ಮಿಶ್ರಲೋಹದ್ದು, ಅದು ಜಪ್ಪಯ್ಯ ಅಂದರೂ ಹಾಗೆ ತುಕ್ಕು ಹಿಡಿಯುವುದಿಲ್ಲ. ಹಾಗಾಗಿ ಕೂತು ತುಕ್ಕಿನ ಬಣ್ಣ ಬಳಿದೆ. ಬಹಳ ಚೆನ್ನಾಗಿ ಬಂತು. ಆದರೆ ಮಾಡೆಲ್ ಎಂಜಿನ್ನಿಗೆ 12 ವೋಲ್ಟ್ ಕರೆಂಟು ಬರುವುದೇ ಹಳಿಯ ತಲೆಯಿಂದ. ಬಣ್ಣ ಬಳಿದ ಮೇಲೆ ಕರೆಂಟು ಎಲ್ಲಿಂದ ಬರಬೇಕು? ಫೋಟೊಗೆ ಅಂತ ಒಳಗೆ ನುಗ್ಗಿಸಿದ ಎಂಜಿನ್ ಅಲ್ಲೇ ನಿಂತುಬಿಟ್ಟಿತು. ಪ್ರತಿ ಸಲ ಆಕಾಶದಿಂದ ಒಂದು ಕೈ ಇಳಿದು ಬಂದು ಅದನ್ನು ಹೊರಗೆ ತಳ್ಳಬೇಕು. ಸ್ಟೇಷನ್ ಮಾಸ್ಟರ್ ಮಾತ್ರ ಇದೇನೂ ದೊಡ್ಡ ವಿಷಯವಲ್ಲ ಅನ್ನುವ ಹಾಗೆ ನಿಂತಿರುತ್ತಾನೆ.

ಇನ್ನು ಧೂಳು. ನಮ್ಮ ಮನೆಯಲ್ಲಿ ಧೂಳಿಗೆ ಬರವಿಲ್ಲ. ಹಳೆಯ ಸ್ಟೇಷನ್ ಅಂದಮೇಲೆ ಧೂಳು ತಾನಾಗಿಯೇ ಕೂರಲಿ, ನನಗೊಂದು ಕೆಲಸ ಕಡಿಮೆ ಅಂದುಕೊಳ್ಳಬಹುದು. ಆಗುವುದಿಲ್ಲ. ನಿಜವಾದ ಧೂಳು ಸ್ಕೇಲಿಗೆ ಹೊಂದುವುದಿಲ್ಲ. ಬಟ್ಟೆಯ ಒಂದು ಎಳೆ ಬಿದ್ದರೆ ಪ್ಲಾಟ್‌ಫಾರ್ಮ್ ಮೇಲೆ ಯಾರೋ ಹಡಗಿನ ಹಗ್ಗ ಬಿಟ್ಟು ಹೋದ ಹಾಗಿರುತ್ತದೆ. ಆದ್ದರಿಂದ ಮೊದಲು ಮೆತ್ತನೆಯ ಬ್ರಷ್ಷಿನಿಂದ ನಿಜವಾದ ಧೂಳು ತೆಗೆಯಬೇಕು. ಆಮೇಲೆ ಡಬ್ಬಿಯಲ್ಲಿ ಬರುವ ಬಣ್ಣದ ಪುಡಿ ಹಚ್ಚಿ ಸುಳ್ಳು ಧೂಳು ಕೂರಿಸಬೇಕು. ಚಾವಣಿಗೆ ಪಾಚಿ, ಗೋಡೆಗೆ ನೀರಿಳಿದ ಕಲೆ, ಬಾಗಿಲ ಹತ್ತಿರ ಕಾಲು ತಾಗಿ ಸವೆದ ಬಣ್ಣ. ಹಳಿಯ ನಡುವೆ ಕಳೆ ನೆಡಬೇಕು, ಅದೂ ಚಿಮಟದಿಂದ ಒಂದೊಂದಾಗಿ. ಹುಲ್ಲಿಗೆ ಬೇರೆ ಯಂತ್ರವಿದೆ. ಅದರ ವಿದ್ಯುತ್ತಿಗೆ ನೈಲಾನ್ ಎಳೆಗಳೆಲ್ಲ ಸೆಟೆದು ನಿಂತು ಗಮ್ಮಿಗೆ ಅಂಟಿಕೊಳ್ಳುತ್ತವೆ. ನನ್ನ ಸ್ವೆಟರಿಗೂ ಅಂಟಿಕೊಳ್ಳುತ್ತವೆ. ಹುಲ್ಲು ಬೆಳೆದ ಸ್ವೆಟರ್ ಹಾಕಿಕೊಂಡು ಬಾಗಿಲು ತೆಗೆದಾಗ ಕೊರಿಯರ್ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ.

ಅಪರೂಪಕ್ಕೆ ಅವಘಡವೇ ಕೆಲಸಕ್ಕೆ ಬರುವುದುಂಟು. ಟಿಕೆಟ್ ಆಫೀಸಿನ ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಕೂರಿಸಲು ಸೂಪರ್ ಗ್ಲೂ ಹಾಕಿದೆ. ಅದರ ಆವಿ ತಾಗಿದರೆ ಪ್ಲಾಸ್ಟಿಕ್ ಬೆಳ್ಳಗೆ ಮಂಜಾಗುತ್ತದೆ. ಮರುದಿನ ಆ ಕಿಟಕಿ ಎಷ್ಟೋ ವರ್ಷದಿಂದ ಯಾರೂ ತೊಳೆಯದ ಕಿಟಕಿಯ ಹಾಗೆ ಕಾಣುತ್ತಿತ್ತು. ಇಡೀ ಸ್ಟೇಷನ್ನಿನಲ್ಲಿ ಅಷ್ಟು ಸಹಜವಾಗಿ ಹಾಳಾದ ಜಾಗ ಇನ್ನೊಂದಿಲ್ಲ. ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತೇನೆ. ಹೇಗಾಯಿತು ಅಂತ ಹೇಳುವುದಿಲ್ಲ.

ಹಾಳು ಮಾಡುವ ಕೆಲಸ ಒಂದು ಹಂತಕ್ಕೆ ಬಂದಿತ್ತು. ಅಷ್ಟರಲ್ಲಿ ಚಿಕ್ಕಮ್ಮ ನಮ್ಮ ಮನೆಗೆ ಬಂದರು. ಚಿಕ್ಕಮ್ಮನಿಗೆ ಸುಮ್ನೆ ಕೂತು ಗೊತ್ತಿಲ್ಲ. ನಾನು ಸಂಜೆ ಮನೆಗೆ ಬರುವ ಹೊತ್ತಿಗೆ ಮುಖದಲ್ಲಿ ಸಂತೋಷ ತುಂಬಿಕೊಂಡು ಕಾಯುತ್ತಿದ್ದರು.

"ಎಷ್ಟು ಕೊಳೆ ಕಣೋ ಅದು! ಯಾವ ಕಾಲದಲ್ಲಿ ಒರೆಸಿದ್ಯೋ ಏನೋ. ಒದ್ದೆ ಬಟ್ಟೆ ತಗೊಂಡು ನೀಟಾಗಿ ಒರೆಸಿಟ್ಟಿದೀನಿ. ಹಳಿ ಮಧ್ಯೆ ಎಲ್ಲ ಹುಲ್ಲು ಬೆಳೆದಿತ್ತು, ಅದನ್ನೂ ಕಿತ್ತೆ."

ಹೋಗಿ ನೋಡಿದೆ. ಸ್ಟೇಷನ್ ನಾಳೆಯೇ ಮಂತ್ರಿಗಳು ಬಂದು ಉದ್ಘಾಟನೆ ಮಾಡಬಹುದು ಅನ್ನುವಂತೆ ಥಳಥಳ ಹೊಳೆಯುತ್ತಿತ್ತು. ಬ್ರಿಟಿಷ್ ರೈಲ್ವೆಯವರು ಬ್ರಾಂಚ್ ಲೈನ್ ಉಳಿಸಲು ಏನೇನೋ ಮಾಡಿದ್ದರು. ಖರ್ಚು ಕಡಿಮೆಯಾಗಲಿ ಅಂತ 1958ರಲ್ಲಿ ನಾಲ್ಕೇ ಚಕ್ರದ ಡೀಸೆಲ್ ರೈಲ್‌ಬಸ್ ಕೂಡ ಓಡಿಸಿ ನೋಡಿದ್ದರು. ಚಿಕ್ಕಮ್ಮನನ್ನು ಕರೆಸುವುದು ಅವರಿಗೆ ಹೊಳೆದಿರಲಿಲ್ಲ.

"ಬೇಜಾರು ಮಾಡ್ಕೋಬೇಡ," ಅಂದರು ಚಿಕ್ಕಮ್ಮ. "ಆ ಒಂದು ಕಿಟಕಿ ಮಾತ್ರ ಎಷ್ಟು ಉಜ್ಜಿದ್ರೂ ಬೆಳ್ಳಗೇ ಇದೆ."

ಅವರಿಗೆ ಏನು ಹೇಳುವುದು? "ಪರವಾಗಿಲ್ಲ ಬಿಡಿ ಚಿಕ್ಕಮ್ಮ, ಬಹಳ ಚೆನ್ನಾಗಾಗಿದೆ," ಅಂದೆ. ಅವರು ಊರಿಗೆ ಹೊರಟ ರಾತ್ರಿಯೇ ಪುಡಿಯ ಡಬ್ಬಿ ತೆಗೆದು ಮತ್ತೆ ಕೊಳೆ ಮಾಡಲು ಕೂತೆ.

ಇಷ್ಟಾದರೂ ಜನರ ಸಮಸ್ಯೆ ಬಾಕಿ ಇತ್ತು. ಕೊನೆಗಾಲದ ಸ್ಟೇಷನ್ನಿನಲ್ಲಿ ಜನ ಇರಬಾರದು. ಸ್ಟೇಷನ್ ಮಾಸ್ಟರ್, ಸೂಟ್‌ಕೇಸ್ ಹಿಡಿದ ಒಬ್ಬ ಹೆಂಗಸು, ಒಂದು ನಾಯಿ. ಸಾಕು. ಮಗಳು ಪುಟ್ಟಿಗೆ ಇದು ಸರಿ ಕಾಣಲಿಲ್ಲ.

"ಅಪ್ಪಾ, ಯಾಕೆ ಜನ ಇಲ್ಲ?"

"ಸ್ಟೇಷನ್ ಮುಚ್ತಾರೆ, ಅದಕ್ಕೆ."

"ಯಾಕೆ ಮುಚ್ತಾರೆ?"

"ಜನ ಬರಲ್ಲ, ಅದಕ್ಕೆ."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಅಮ್ಮನೂ ಮಗಳೂ ಹೀಗೆ ನೋಡುವುದರಲ್ಲಿ ಎತ್ತಿದ ಕೈ. ಮಾರನೆಯ ದಿನ ನೋಡಿದರೆ ಪೊಟ್ಟಣದಲ್ಲಿದ್ದ ಅಷ್ಟೂ ಜನ ಪ್ಲಾಟ್‌ಫಾರ್ಮ್ ಮೇಲೆ. ಬೋಗಿಯೊಳಗೆ ಕೂರಿಸಲು ಇಟ್ಟಿದ್ದವರು ಬೆಂಚು ಕುರ್ಚಿ ಏನೂ ಇಲ್ಲದೆ ಗಾಳಿಯಲ್ಲಿ ಕೂತಿದ್ದಾರೆ. ಹಿಂದೆ ಒಂದು ಡೈನೋಸಾರ್ ಕ್ಯೂ ನಿಂತಿದೆ. ಇದೂ ಒಂದು ರೀತಿಯಲ್ಲಿ ಇತಿಹಾಸಕ್ಕೆ ಹತ್ತಿರವೇ, ಡೈನೋಸಾರ್ ಬಿಟ್ಟು. ಎಷ್ಟೋ ಬ್ರಾಂಚ್‌ಗಳಲ್ಲಿ ಕೊನೆಯ ರೈಲಿಗೆ ಜನ ಕಿಕ್ಕಿರಿದು ಬರುತ್ತಿದ್ದರು. ಎಂಜಿನ್ನಿನ ಮುಂದೆ ಹೂವಿನ ಚಕ್ರ ಕಟ್ಟಿ, ಹಳಿಯ ಮೇಲೆ ಚಕ್ರ ಹತ್ತಿದರೆ ಸಿಡಿಯುವ ಪಟಾಕಿಯಂಥ ಡಿಟೊನೇಟರ್ ಇಟ್ಟು ಢಂ ಅನ್ನಿಸಿ ಬೀಳ್ಕೊಡುತ್ತಿದ್ದರು. ಅದುವರೆಗೆ ಎಲ್ಲಿದ್ದರೋ ಅಷ್ಟೂ ಜನ!

ಕೊನೆಗೆ ಉಳಿದಿದ್ದು ನೋಟಿಸು. ಪ್ರಯಾಣಿಕರ ರೈಲು ನಿಲ್ಲಿಸುತ್ತೇವೆ ಅನ್ನುವ ನೋಟಿಸು ಬೋರ್ಡಿನ ಮೇಲೆ ಇರಲೇಬೇಕು. 40 ಇಂಚಿಗೆ 25 ಇಂಚಿನ ರೈಲ್ವೆ ಪೋಸ್ಟರು ನನ್ನ ಸ್ಕೇಲಿನಲ್ಲಿ 13 ಮಿಲಿಮೀಟರಿಗೆ 8. ನೋಟಿಸು ಅದಕ್ಕಿಂತ ಚಿಕ್ಕದು. ಪ್ರಿಂಟರಿನಿಂದ ಬಂದಿದ್ದು ಸೊಳ್ಳೆ ಹೊಡೆದ ಗುರುತು. ಅದನ್ನೇ ಅಂಟಿಸಿದೆ. ಪುಟ್ಟಿ ಭೂತಗನ್ನಡಿ ಹಿಡಿದು ನೋಡಿ, ಇದರಲ್ಲಿ ಏನು ಬರೆದಿದೆ ಅಂತ ಕೇಳಿದಳು. ಹೇಳಿದೆ. ಅದರ ಜೊತೆಗೆ ಬ್ರಿಟನ್ನಿನ 1962ರ ಸಾರಿಗೆ ಕಾಯಿದೆಯನ್ನೂ ಹೇಳಿದೆ. ಅದನ್ನು ಹೇಳುವ ಅಗತ್ಯವೇನೂ ಇರಲಿಲ್ಲ. ಆದರೆ ಗೊತ್ತಿರುವುದನ್ನು ಹೇಳದೆ ಇರುವುದು ಈ ಹವ್ಯಾಸದವರ ಕೈಲಿ ಆಗುವುದಿಲ್ಲ. ಆ ಕಾಯಿದೆಯ ಪ್ರಕಾರ ಪ್ರಯಾಣಿಕರು ಆರು ವಾರದೊಳಗೆ ಆಕ್ಷೇಪಣೆ ಸಲ್ಲಿಸಬಹುದಿತ್ತು. ಸಲ್ಲಿಸಿದರೆ ಒಂದು ಸಮಿತಿ ವಿಚಾರಣೆ ಮಾಡಿ ವರದಿ ಕೊಡುತ್ತಿತ್ತು. ಮಂತ್ರಿ ಒಪ್ಪುವವರೆಗೆ ಮುಚ್ಚುವ ಹಾಗಿರಲಿಲ್ಲ. ಆದರೆ ರೈಲ್ವೆಯ ಲಾಭ ನಷ್ಟದ ಲೆಕ್ಕ ತಪ್ಪು ಅಂತ ಸಮಿತಿಯ ಮುಂದೆ ವಾದ ಮಾಡಿ ಪ್ರಯೋಜನವಿರಲಿಲ್ಲ. ಜನರಿಗೆ ತೊಂದರೆ ಆಗುತ್ತದೆಯೋ ಇಲ್ಲವೋ, ಅದಷ್ಟೇ ಅದು ನೋಡುತ್ತಿದ್ದದ್ದು.

ಊಟದ ಹೊತ್ತಿಗೆ ಆಕ್ಷೇಪಣೆ ಬಂತು. ನೋಟ್‌ಬುಕ್ಕಿನ ಹಾಳೆ, ಬಣ್ಣದ ಪೆನ್ಸಿಲ್. "ಡೈನೋಸಾರಿಗೆ ಮನೆಗೆ ಹೋಗಲು ಬೇರೆ ರೈಲು ಇಲ್ಲ. ಬಸ್ಸಿನಲ್ಲಿ ಹಿಡಿಸುವುದಿಲ್ಲ." ತೊಂದರೆ ಅಂದರೆ ಇದೇ. ಸಮಿತಿಯಾಗಿ ನಾನು ಬೇರೆ ಏನು ವರದಿ ಕೊಡಲಿ? ಮಂತ್ರಿಗೆ ಕಳಿಸಿದೆ. ಮಂತ್ರಿ ಅಂದರೆ ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಹೆಂಡತಿ ಹಾಳೆ ಓದಿದಳು, ಮೇಜಿನ ಸುತ್ತ ಒಂದು ಸುತ್ತು ಬಂದಳು, ತೀರ್ಪು ಕೊಟ್ಟಳು. ಪ್ರಯಾಣಿಕರ ರೈಲು ಮುಂದುವರಿಯಬಹುದು. ಗೂಡ್ಸ್ ಹೇಗೂ ನಿಂತಿರುವುದರಿಂದ ಸೈಡಿಂಗ್ ಕಿತ್ತು ಆ ಜಾಗವನ್ನು ಹೊಲಿಗೆ ಮೆಷಿನ್ನಿಗೆ ಬಿಟ್ಟುಕೊಡಬೇಕು. ಭಾನುವಾರದವರೆಗೆ ಗಡುವು.

ಬಿಳಿ ಗಮ್ಮು ಒಣಗಿದ ಮೇಲೂ ಬಿಸಿನೀರು ಹಾಕಿ ನೆನೆಸಿದರೆ ಜಲ್ಲಿ ಸಡಿಲವಾಗುತ್ತದೆ. ಸೈಡಿಂಗ್ ನೆನೆಯುತ್ತಿದೆ. ಎಂಜಿನ್ ಇನ್ನೂ ಅದರ ಮೇಲೇ ಇದೆ, ಕೈ ಇಳಿದು ಬರುವುದನ್ನು ಕಾಯುತ್ತಾ.